ಓರಗಿತ್ತಿ ಮನೆಯ ನೀರು

ನನ್ನ ಓರಗಿತ್ತಿಯ ವಿಷಯ ಬರೆಯಬೇಕೆಂದರೆ ಮೊದಲು ನನ್ನ ಹೊಟ್ಟೆಕಿಚ್ಚಿನ ವಿಷಯ ಹೇಳಿಬಿಡುವುದು ಒಳ್ಳೆಯದು. ಅವಳು ನನ್ನ ಮೈದುನನ ಹೆಂಡತಿ. ಎರಡು ಬೀದಿ ಆಚೆ ಮನೆ, ಮುಂದಿನ ಕೋಣೆಯಲ್ಲಿ ಹೊಲಿಗೆ ಮೆಷಿನ್ನು. ಕೆಟ್ಟವಳಲ್ಲ. ಕೆಟ್ಟವಳಾಗಿದ್ದರೆ ನನಗೆ ಎಷ್ಟೋ ಅನುಕೂಲವಾಗುತ್ತಿತ್ತು.

ನಾನು ನೀರು ಶುದ್ಧೀಕರಣ ಘಟಕದ ಲ್ಯಾಬಿನಲ್ಲಿ ಹತ್ತೊಂಬತ್ತು ವರ್ಷದಿಂದ ಇದ್ದೇನೆ. ನಲ್ಲಿಗೆ ಹೋಗುವ ನೀರಿನಲ್ಲಿ ಕ್ಲೋರಿನ್ ಸಾಕಷ್ಟಿದೆಯೇ ಎಂದು ನೋಡುವುದು ನನ್ನ ಕೆಲಸ. ಗಾಜಿನ ನಳಿಕೆಗೆ ನೀರು ಹಿಡಿದು ಮಾತ್ರೆ ಹಾಕಿದರೆ ಗುಲಾಬಿ ಬಣ್ಣ ಬರಬೇಕು. ಬಂದರೆ ಪಾಸು, ಇಲ್ಲದಿದ್ದರೆ ಫೇಲು. ಊರೆಲ್ಲ ನನ್ನ ನೀರು ಕುಡಿಯುತ್ತದೆ, ನಮ್ಮ ಮನೆಯಲ್ಲೇ ಇರುವ ಅತ್ತೆಯೊಬ್ಬರನ್ನು ಬಿಟ್ಟು.

"ಔಷಧಿ ವಾಸನೆ ಕಣೇ," ಎಂದು ಲೋಟ ಪಕ್ಕಕ್ಕೆ ಸರಿಸುತ್ತಿದ್ದರು. ಓರಗಿತ್ತಿ ಮನೆಗೆ ಹೋದರೆ ಮಾತ್ರ ಚೊಂಬುಗಟ್ಟಲೆ ಕುಡಿದು, "ಅವಳ ಮನೆ ನೀರು ಎಷ್ಟು ಸಿಹಿ ಗೊತ್ತಾ," ಎಂದು ನನಗೇ ಬಂದು ಹೇಳುತ್ತಿದ್ದರು. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ನನ್ನದು ಮದ್ದಿನ ವಾಸನೆ ಹೊಡೆದೇ ಕೆಟ್ಟಿತು.

ಈ ಬೇಸಿಗೆಯಲ್ಲಿ ಅತ್ತೆ ಬಚ್ಚಲುಮನೆಯ ಬಾಗಿಲಲ್ಲಿ ತಲೆಸುತ್ತಿ ಕುಸಿದರು. ಡಾಕ್ಟರು ನಾಲಿಗೆ ನೋಡಿ, "ಇವರು ನೀರೇ ಕುಡಿದ ಹಾಗಿಲ್ವಲ್ಲ," ಎಂದರು. ನಮ್ಮನೆಯವರು ಅಲ್ಲೇ ತೀರ್ಮಾನ ಮಾಡಿಬಿಟ್ಟರು: "ಭಾನುವಾರ ಅಮ್ಮನ್ನ ತಮ್ಮನ ಮನೆಗೆ ಬಿಡೋಣ. ಇನ್ಮೇಲೆ ಅಲ್ಲೇ ಇರ್ಲಿ."

ಸೊಸೆ ಕೆಲಸಕ್ಕೆ ಹೋಗುವುದೇ ಎಂದು ನೆಂಟರೆಲ್ಲ ಮೂಗು ಮುರಿದಾಗ, "ನೀನು ಹೋಗು, ಮಕ್ಕಳನ್ನ ನಾನು ನೋಡ್ಕೋತೀನಿ," ಎಂದವರು ಈ ಅತ್ತೆ. ಅವರನ್ನು ಒಂದು ಲೋಟ ನೀರಿಗೋಸ್ಕರ ಅವಳಿಗೆ ಬಿಟ್ಟುಕೊಡುವುದೇ?

ಸೋಮವಾರ ನೀರು ಕುದಿಸಿ ಕೊಟ್ಟೆ. ವಾಸನೆ ಹೋಗಿತ್ತು, ಆದರೆ ಅತ್ತೆ ಒಂದು ಗುಟುಕಿಗೇ "ಸತ್ತ ನೀರು" ಎಂದರು. ನಿಜವೇ. ಕುದಿಸಿದರೆ ಕ್ಲೋರಿನ್ ಜೊತೆಗೆ ನೀರೊಳಗಿನ ಗಾಳಿಯೂ ಹೊರಟುಹೋಗಿ ರುಚಿ ಸಪ್ಪೆಯಾಗುತ್ತದೆ. ಬುಧವಾರ ಗೆಳತಿಯ ಮನೆಯಿಂದ ಫಿಲ್ಟರ್ ಮೆಷಿನ್ನಿನ ನೀರು ತಂದೆ. ಆ ಮೆಷಿನ್ನು ನೀರಿನ ಉಪ್ಪು, ಖನಿಜಗಳನ್ನು ಬಹುಪಾಲು ಸೋಸಿಬಿಡುತ್ತದೆ. "ಇದರಲ್ಲಿ ಏನೂ ಇಲ್ವಲ್ಲೇ," ಎಂದರು. ಅದೂ ನಿಜವೇ. ಎಪ್ಪತ್ತೆಂಟರ ನಾಲಿಗೆ ನನ್ನ ಲ್ಯಾಬಿಗಿಂತ ಚುರುಕಾಗಿತ್ತು.

ಗುರುವಾರ ನಾಚಿಕೆ ಬಿಟ್ಟೆ. ಬಟ್ಟೆ ಹೊಲಿಯಲು ಕೊಡುವ ನೆಪದಲ್ಲಿ ಹೋಗಿ ಅವಳ ಅಡುಗೆಮನೆಯಿಂದ ಒಂದು ಬಾಟಲಿ ನೀರು ಕದ್ದು ತಂದೆ. ಮರುದಿನ ಲ್ಯಾಬಿನಲ್ಲಿ ಮಾತ್ರೆ ಹಾಕಿದರೆ ಬಣ್ಣವೇ ಬರಲಿಲ್ಲ. ಕ್ಲೋರಿನ್ ಸೊನ್ನೆ. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಯಾವುದೋ ಬಾವಿಯ ಕೊಳಕು ನೀರನ್ನು ಅತ್ತೆಗೆ ಕುಡಿಸುತ್ತಿದ್ದಾಳೆ ಎಂದು ಸಾಬೀತಾಯಿತಲ್ಲ. ಸಂಜೆ ನೇರ ಅವಳ ಮನೆಗೆ ನುಗ್ಗಿ ನಳಿಕೆಯನ್ನು ಅವಳ ಕಣ್ಣೆದುರು ಹಿಡಿದೆ.

"ಬಣ್ಣ ಬಂದಿಲ್ಲ ನೋಡು. ಎಲ್ಲಿಂದ ತರ್ತೀಯ ಈ ನೀರನ್ನ?"

ಅವಳು ತುಟಿಯಲ್ಲಿ ಕಚ್ಚಿಕೊಂಡಿದ್ದ ಗುಂಡುಸೂಜಿ ತೆಗೆದಳು. "ನಲ್ಲೀದೇ ಅಕ್ಕ, ನಿಮ್ಮದೇ ನೀರು. ಕುದಿಸ್ತೀನಿ. ಆರಿದ ಮೇಲೆ ಈ ಪಾತ್ರೆಯಿಂದ ಆ ಪಾತ್ರೆಗೆ ಎತ್ತರದಿಂದ ಇಪ್ಪತ್ತು ಸಲ ಹೊಯ್ತೀನಿ. ಆಮೇಲೆ ಚೆನ್ನಾಗಿರತ್ತೆ."

ಕುದಿಸಿದ ನೀರಿನಲ್ಲಿ ಕ್ಲೋರಿನ್ ಉಳಿಯುವುದಿಲ್ಲವೆಂದು ನನಗೇ ಗೊತ್ತಿತ್ತು. ಹೊಟ್ಟೆಕಿಚ್ಚಿನಲ್ಲಿ ಅದನ್ನೂ ಮರೆತಿದ್ದೆ. ಎತ್ತರದಿಂದ ಹೊಯ್ದರೆ ಹೋದ ಗಾಳಿ ಮತ್ತೆ ಸೇರುತ್ತದೆ. ನಮ್ಮ ಘಟಕದಲ್ಲಿ ನೀರನ್ನು ಮೆಟ್ಟಿಲ ಮೇಲಿಂದ ಧುಮುಕಿಸುವುದೂ ಗಾಳಿ ಸೇರಲಿ ಎಂದೇ. ದಿನವೂ ಅದರ ಪಕ್ಕದಲ್ಲಿ ಕೂತು ಬುತ್ತಿ ಬಿಚ್ಚುವ ನನಗೆ ಹೊಳೆಯದ್ದು ಇವಳಿಗೆ ಹೊಳೆದಿತ್ತು. "ಕೂತ್ಕೊಳ್ಳಿ ಅಕ್ಕ, ಒಂದು ಲೋಟ ನೀರಾದ್ರೂ ಕುಡೀರಿ," ಎಂದಳು. ನಾನು ಕುಡಿಯಲಿಲ್ಲ.

ಶನಿವಾರ ತೋಳು ನೋಯುವವರೆಗೆ ಹೊಯ್ದೆ. ಅತ್ತೆಯ ಬಟ್ಟೆಯ ಚೀಲ ಆಗಲೇ ಬಾಗಿಲ ಬಳಿ ಬಂದು ಕೂತಿತ್ತು. ಅವರು ಲೋಟ ಎತ್ತಿ ಒಂದೇ ಉಸಿರಿಗೆ ಕುಡಿದು ಇನ್ನೊಂದಕ್ಕೆ ಕೈ ಚಾಚಿದರು.

"ಚಿಕ್ಕೋಳು ಕಳಿಸಿದ್ಲಾ?"

ನಾನೇ ಮಾಡಿದ್ದು ಎಂಬ ಮಾತು ನಾಲಿಗೆ ತುದಿಗೆ ಬಂದಿತ್ತು. ಹಾಗೆಂದರೆ ಮತ್ತೆ ಔಷಧಿ ವಾಸನೆ ಹುಡುಕಿ ಲೋಟ ಸರಿಸಿಬಿಡುತ್ತಾರೇನೋ ಎಂದು ಭಯವಾಯಿತು.

"ಹೌದತ್ತೆ. ಇನ್ಮೇಲೆ ದಿನಾ ಕಳಿಸ್ತಾಳಂತೆ."

ಅತ್ತೆ ನಮ್ಮ ಮನೆಯಲ್ಲೇ ಉಳಿದರು. ಈಗ ದಿನಕ್ಕೆ ಎಂಟು ಲೋಟ ಕುಡಿಯುತ್ತಾರೆ. ಎಂಟು ಸಲವೂ, ನನ್ನ ಕೈಯಿಂದಲೇ ಲೋಟ ತೆಗೆದುಕೊಂಡು, ಅವಳನ್ನು ಹೊಗಳುತ್ತಾರೆ.