ಫೀಸಿಲ್ಲದ ಓದಿಗೆ ಹೋದ ಕೋಳಿಗಳು

ನಾನು ಓದಿದ್ದು ಎರಡನೇ ಕ್ಲಾಸು. ಬರೆಯಲು ಬರುತ್ತದೆ, ಕೈ ನಿಧಾನ. ಹಾಗಾಗಿ ಸುತ್ತಿ ಬಳಸಿ ಹೇಳಲು ನನ್ನಿಂದ ಆಗುವುದಿಲ್ಲ.

ಮಗಳು ತೀರಿಕೊಂಡಾಗ ಅವಳ ಹುಡುಗಿಗೆ ಹಾಲುಹಲ್ಲು ಬಿದ್ದಿರಲಿಲ್ಲ. ಅಳಿಯ ಇನ್ನೊಂದು ಮದುವೆಯಾಗಿ ಘಟ್ಟದ ಕೆಳಗೆ ಹೋದ. ಹುಡುಗಿ ನನ್ನ ಹತ್ತಿರ ಉಳಿದಳು. ಕೊಪ್ಪದ ಹತ್ತಿರ ನಾರ್ವೆ ಅಂತ ಹಳ್ಳಿ, ಅಲ್ಲಿ ರಸ್ತೆ ಬದಿಗೆ ನಮ್ಮದು ಎರಡು ಕೋಣೆಯ ಶೀಟಿನ ಮನೆ. ಮಂಡಿ ಹಿಡಿದುಕೊಳ್ಳುವ ತನಕ ಕೂಲಿಗೆ ಹೋದೆ. ಆಮೇಲೆ ಪಿಂಚಣಿ, ಸೊಸೈಟಿ ಅಕ್ಕಿ, ಮೇಲಿನ ಖರ್ಚಿಗೆ ಊರುಕೋಳಿ.

ಹುಡುಗಿ ಕೊಪ್ಪದಲ್ಲಿ ಡಿಗ್ರಿ ಮುಗಿಸಿ ದೂರದ ಯೂನಿವರ್ಸಿಟಿಯಲ್ಲಿ ಎಂಎಸ್ಸಿ ಸೀಟು ಸಿಕ್ಕಿತು ಅಂದಳು. ಗಿಡಮರದ ಓದಂತೆ.

"ಫೀಸೆಷ್ಟೆ?"

"ಫೀಸಿಲ್ಲ ಅಜ್ಜಿ. ಸ್ಕಾಲರ್‌ಶಿಪ್ಪಲ್ಲಿ ಹೋಗ್ತದೆ. ಹಾಸ್ಟೆಲ್ಲೂ ಸಿಗ್ತದೆ."

"ಹಂಗಾರೆ ಖರ್ಚಿಲ್ಲ."

"ಎಂತದೂ ಇಲ್ಲ."

ಅವಳು ಸುಳ್ಳು ಹೇಳಲಿಲ್ಲ. ಅವಳಿಗೂ ಗೊತ್ತಿರಲಿಲ್ಲ.

ಅವಳು ಹೊರಟ ದಿನ ಒಂದು ಎಳೆ ಹುಂಜವನ್ನು ಹಿಡಿದು ಕಾಲಿಗೆ ಅರಿಶಿನದ ಬಟ್ಟೆ ಕಟ್ಟಿದೆ. ಮನೆ ಹಿಂದಿನ ಮತ್ತಿಮರದ ಬುಡದಲ್ಲಿ ಚೌಡಿಯ ಕಲ್ಲಿದೆ. ಹುಡುಗಿ ಓದು ಮುಗಿಸಿ ಬಂದ ದಿನ ಇದು ನಿನಗೆ ಎಂದು ಹೇಳಿಕೊಂಡೆ. ನಮ್ಮ ಕಡೆ ಬಟ್ಟೆ ಕಟ್ಟಿದ ಕೋಳಿಯನ್ನು ಮಾರುವ ಹಾಗಿಲ್ಲ, ನೆಂಟರು ಬಂದರೂ ಕೊಯ್ಯುವ ಹಾಗಿಲ್ಲ. ಪಕ್ಕದವರ ಭತ್ತದ ಅಗೆಗದ್ದೆಗೆ ನುಗ್ಗಿದರೂ ಯಾರೂ ಕಲ್ಲು ಬೀರುವುದಿಲ್ಲ. ಹುಂಜಕ್ಕೂ ಅದು ಗೊತ್ತಾಗಿಬಿಟ್ಟಿತು. ಜಗಲಿಯ ಮೇಲೆ ಮಲಗಿದ ನಾಯಿಯನ್ನೇ ಎಬ್ಬಿಸಿ ಅಲ್ಲಿ ತಾನು ಕೂರುತ್ತಿತ್ತು.

ಖರ್ಚು ಶುರುವಾಗಿದ್ದು ಮೊದಲನೇ ತಿಂಗಳಲ್ಲೇ. ಹಾಸ್ಟೆಲ್ಲಿನ ರೂಮಿಗೆ ದುಡ್ಡಿಲ್ಲ, ಊಟಕ್ಕಿದೆಯಂತೆ. ಅದೂ ಮುಂಚಿತವಾಗಿ ಕಟ್ಟಬೇಕಂತೆ. ಆಮೇಲೆ ಬಿಳಿ ಕೋಟು. ಗಿಡ ನೋಡಲು ಬಿಳಿ ಕೋಟು ಯಾಕೆ ಎಂದು ಕೇಳಿದೆ. ಹಾಕದಿದ್ದರೆ ಲ್ಯಾಬಿನ ಒಳಗೆ ಬಿಡುವುದಿಲ್ಲ ಅಂದಳು. ಪುಸ್ತಕ ಲೈಬ್ರರಿಯಲ್ಲಿ ಸಿಗುತ್ತದೆ, ಆದರೆ ಒಂದೇ ಇರುತ್ತದೆ, ಜೆರಾಕ್ಸ್ ಮಾಡಿಸಬೇಕು. ಪಾಠದ ಚೀಟಿಯೆಲ್ಲ ಮೊಬೈಲಿಗೇ ಕಳಿಸುತ್ತಾರೆ, ಅದಕ್ಕೆ ಕರೆನ್ಸಿ. ಟೂರು ಪರೀಕ್ಷೆಗೆ ಸೇರಿದ್ದು, ಹೋಗದಿದ್ದರೆ ಮಾರ್ಕಿಲ್ಲ. ಎದ್ದು ನಿಂತು ಸೆಮಿನಾರ್ ಕೊಡುವ ದಿನ ಸೀರೆ ಉಡಬೇಕು. ಮೇಷ್ಟ್ರೊಬ್ಬರು ರಿಟೈರಾದರೆ ಹಾರಕ್ಕೆ, ಶಾಲಿಗೆ ಎಲ್ಲರೂ ಹಾಕಬೇಕು. ಇವಳೊಬ್ಬಳು ಹಾಕದೆ ಕೂರಲು ಆಗುತ್ತದೆಯೇ.

ಇದು ಯಾವುದೂ ಸೀಟು ಕೊಟ್ಟಾಗ ಬಂದ ಕಾಗದದಲ್ಲಿ ಇರಲಿಲ್ಲ. ಹೆಂಗಸರಿಗೆ ಬಸ್ಸು ಫ್ರೀ ಎನ್ನುತ್ತಾರೆ. ನಮ್ಮ ದಾರಿಯಲ್ಲಿ ಓಡುವುದು ಪ್ರೈವೇಟ್ ಬಸ್ಸು. ಅದಕ್ಕಾಗಿ ಅವಳು ಬರುವುದು ಕಮ್ಮಿ ಮಾಡಿದಳು. ಒಂದು ವರ್ಷ ದೀಪಾವಳಿಗೂ ಬರಲಿಲ್ಲ. ನನ್ನೊಬ್ಬಳಿಗೆ ಅಂತ ಕರಿಯಲು ಎಣ್ಣೆ ಇಡಲಿಲ್ಲ. ಅನ್ನ, ಸಾರು ಮಾಡಿಕೊಂಡು ಉಂಡೆ.

ಅವಳು ಬಾಯಿ ಬಿಟ್ಟು ದುಡ್ಡು ಕೇಳಿದವಳಲ್ಲ. ಫೋನು ಮಾಡಿದರೆ ಮೊದಲು ನನ್ನ ಮಂಡಿ ವಿಚಾರ ಕೇಳುತ್ತಿದ್ದಳು. ಕೋಳಿ ವಿಚಾರ ಮೊದಲು ಬಂದರೆ ನನಗೆ ತಿಳಿಯುತ್ತಿತ್ತು.

"ಕೋಳಿ ಹೆಂಗಿದಾವೆ ಅಜ್ಜಿ?"

"ಚೆನ್ನಾಗಿದಾವೆ. ಎಂತ ಬೇಕೆ?"

"ಎಂತ ಇಲ್ಲ ಬಿಡು."

"ಇಲ್ಲ ಅನ್ನಕ್ಕೆ ಕರೆನ್ಸಿ ಸುಡ್ತೀಯ? ಹೇಳೆ ಮಾರಾಯ್ತಿ."

ಮಾರನೆಯ ದಿನ ಒಂದು ಕೋಳಿಯನ್ನು ಚೀಲಕ್ಕೆ ಹಾಕಿಕೊಂಡು ಕೊಪ್ಪಕ್ಕೆ ಹೋಗುತ್ತಿದ್ದೆ. ಮಾರಿದ ದುಡ್ಡನ್ನು ಮೊಬೈಲ್ ಅಂಗಡಿಯವನಿಗೆ ಕೊಟ್ಟರೆ ಅವನು ಅವಳ ಫೋನಿಗೆ ಹಾಕುತ್ತಿದ್ದ. ಅವನೂ ಕೈಬಾಡಿಗೆ ಹಿಡಿದುಕೊಳ್ಳುತ್ತಿದ್ದ. ಬಿಳಿ ಕೋಟಿಗೆ ಬೂದಿ ಬಣ್ಣದ ಹೇಂಟೆ ಹೋಯಿತು. ಸೀರೆಗೆ ತಾಯಿಕೋಳಿಯೂ ಒಂದು ಎಳೆ ಹುಂಜವೂ ಹೋದವು. ಟೂರಿನ ಹೊತ್ತಿಗೆ ಮರಿ ಬಿಟ್ಟು ಮಾರುವಂಥದ್ದು ಇರಲಿಲ್ಲ, ಮೊಟ್ಟೆ ಕೂಡಿಸಿ ಮಾರಿದೆ.

ಎರಡನೇ ವರ್ಷ ಅವಳಿಗೆ ಪ್ರಾಜೆಕ್ಟ್ ಅಂತ ಬಂತು. ಜರಿಗಿಡಗಳ ಮೇಲೆ. ನಮ್ಮ ಹಳ್ಳದ ಬದಿಯಲ್ಲಿ ದನವೂ ತಿನ್ನದೆ ಬಿಡುವ ಜರಿಗಿಡ. ಬೇಗಾರ್ ಕಡೆ ಹಳ್ಳಗಳಲ್ಲಿ ಬೇರೆ ಬೇರೆ ಜಾತಿ ಇದೆಯೆಂದು ಸ್ವಲ್ಪ ದಿನ ಮನೆಗೆ ಬಂದು ನಿಂತಳು. ಬೆಳಿಗ್ಗೆ ಬಸ್ಸಿನಲ್ಲಿ ಶೃಂಗೇರಿ, ಅಲ್ಲಿಂದ ಆಟೋ. ಆಟೋದವನು ಅವಳು ಹಳ್ಳದಿಂದ ಮೇಲೆ ಬರುವ ತನಕ ಕಾಯುತ್ತಿದ್ದ. ಕಾದಿದ್ದಕ್ಕೂ ಬಾಡಿಗೆ. ಸಂಜೆ ತಂದ ಎಲೆಗಳನ್ನು ಹಳೇ ಪೇಪರಿನ ನಡುವೆ ಇಟ್ಟು, ಮೇಲೆ ಭಾರ ಬೇಕು ಅಂದಳು. ಮನೆಯಲ್ಲಿ ಭಾರವಾದದ್ದು ಅಂದರೆ ಅಕ್ಕಿ ಡಬ್ಬ ಮತ್ತು ನಾನು. ಅಕ್ಕಿ ಡಬ್ಬ ಸಾಲಲಿಲ್ಲ. ನನ್ನ ಹಾಸಿಗೆಯ ಕೆಳಗೆ ಪೇಪರು ಹರಡಿದಳು.

"ಅಜ್ಜಿ, ಹೊರಳಬ್ಯಾಡ, ಎಲೆ ಮಡಚ್ತದೆ."

"ಸತ್ತೋರ ಹಂಗೆ ಮಲಗ್ತೀನಿ, ಆತಾ?"

"ಸಾಯದು ಬ್ಯಾಡ, ಬೆಳಿಗ್ಗೆ ಪೇಪರು ಬದಲು ಮಾಡಬೇಕು."

ಅಷ್ಟು ದಿನ ಮನೆಯಲ್ಲಿ ಮಾತಿತ್ತು. ಅವಳು ಹೋದ ಮೇಲೆ ಹಾಸಿಗೆ ತಗ್ಗಾದ ಹಾಗೆ ಅನ್ನಿಸಿತು. ಆದರೂ ನಾನು ಹೊರಳದೇ ಮಲಗುತ್ತಿದ್ದೆ. ರೂಢಿ.

ಆ ಮಳೆಗಾಲ ಕೋಳಿಗಳಿಗೆ ರೋಗ ಬಂತು. ಕತ್ತು ಬಗ್ಗಿಸಿ ತೂಕಡಿಸುವುದು, ಬೀಳುವುದು. ಉಳಿದದ್ದು ಕಾವಿಗೆ ಕೂತಿದ್ದ ಒಂದು ಹೇಂಟೆ ಮತ್ತು ಹರಕೆ ಹುಂಜ. ಆಗಲೇ ಫೋನು ಬಂತು.

"ಕೋಳಿ ಹೆಂಗಿದಾವೆ ಅಜ್ಜಿ?"

ಪ್ರಾಜೆಕ್ಟನ್ನು ಬಣ್ಣದ ಫೋಟೋ ಸಮೇತ ಪ್ರಿಂಟು ಹಾಕಿಸಿ, ದಪ್ಪ ರಟ್ಟಿನ ಬೈಂಡು ಮಾಡಿಸಿ ಕೊಡಬೇಕಂತೆ. ಒಂದು ಪುಸ್ತಕ ಅಲ್ಲ, ಗೈಡಿಗೊಂದು, ಆಫೀಸಿಗೊಂದು, ಲೈಬ್ರರಿಗೊಂದು, ತನಗೊಂದು. ಸ್ಕಾಲರ್‌ಶಿಪ್ಪು ಇನ್ನೂ ಬಂದಿಲ್ಲ. ವಾರದೊಳಗೆ ಕೊಡದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ, ಎರಡು ವರ್ಷದ ಓದು ಅಲ್ಲೇ ನಿಲ್ಲುತ್ತದೆ. ರೋಗದ ವಿಚಾರ ನಾನು ಹೇಳಲಿಲ್ಲ.

"ಆತು, ಕಳಿಸ್ತೀನಿ" ಅಂದೆ.

ಹೇಂಟೆಯನ್ನು ಕಾವಿನಿಂದ ಎಬ್ಬಿಸಿ ಮಾರಿದರೆ ಮುಂದಕ್ಕೆ ಮರಿಯೂ ಇಲ್ಲ. ಹುಂಜದ ಕಾಲಿನ ಬಟ್ಟೆ ಬಿಚ್ಚಿದೆ. ಕೊಪ್ಪದಲ್ಲಿ ಮಾರಿದರೆ ಊರವರ ಕಣ್ಣಿಗೆ ಬೀಳುತ್ತದೆ, ಹರಕೆ ಹುಂಜ ಎಂದು ಎಲ್ಲರಿಗೂ ಗೊತ್ತು. ನರಸಿಂಹರಾಜಪುರದಲ್ಲಿ ನನ್ನ ಗುರುತಿನವರು ಯಾರೂ ಇಲ್ಲ. ಅಲ್ಲಿಗೇ ಹೊರಟೆ. ಬಸ್ಸಿನಲ್ಲಿ ಕಂಡಕ್ಟರು ಚೀಲ ನೋಡಿದ.

"ಅಜ್ಜಿ, ಹುಂಜಕ್ಕೆ ಅರ್ಧ ಟಿಕೆಟ್."

"ಹಂಗಾರೆ ಇದನ್ನೇ ಕೂರಿಸ್ಕೊ, ನಾನು ಇಳಿದು ನಡ್ಕೊಂಡು ಬತ್ತೀನಿ."

ಬಸ್ಸಿನಲ್ಲಿದ್ದವರು ನಕ್ಕರು. ಕಂಡಕ್ಟರು ಟಿಕೆಟ್ ಮಾತ್ರ ಬಿಡಲಿಲ್ಲ.

ಮಾರ್ಕೆಟ್ ಹತ್ತಿರದ ಕೋಳಿ ಅಂಗಡಿಯ ಸಾಬರು ವಯಸ್ಸಾದವರು. ಹುಂಜವನ್ನು ಎತ್ತಿ ತೂಗಿದರು, ಕಾಲು ನೋಡಿದರು, ತಿರುಗಿ ನನ್ನ ಕೈಗೇ ಕೊಟ್ಟರು.

"ಬಟ್ಟೆ ಕಟ್ಟಿದ ಗುರುತಿದೆಯಲ್ಲಮ್ಮ. ದೇವರದ್ದಾ?"

"ಚೌಡಿಗೆ ಅಂತ ನಾನೇ ಕಟ್ಟಿದ್ದು ಸಾಬ್ರೇ, ನಾನೇ ಬಿಚ್ಚಿದ್ದು."

"ನಂಗೆ ಬ್ಯಾಡ. ನಿಮ್ಮ ಚೌಡಿ ಹತ್ರ ನಂದೆಂತಕ್ಕೆ ಜಗಳ?"

"ಚೌಡಿ ನಿಮ್ಮ ಅಂಗಡಿಗೆಲ್ಲ ಬರಲ್ಲ."

"ಗಿರಾಕಿ ಬರ್ತಾರಲ್ಲಮ್ಮ. ಈ ಗುರುತು ಅವರಿಗೂ ಗೊತ್ತು."

ಅವರು ಹೇಳಿದ್ದು ಸರಿಯೇ. ಬಸ್ಟ್ಯಾಂಡಿಗೆ ಬಂದು ಕೂತೆ. ಹುಂಜ ಚೀಲದಿಂದ ಕತ್ತು ಹೊರಗೆ ಹಾಕಿ, ಹತ್ತಿರ ಬಂದ ಬೀದಿನಾಯಿಗೆ ಕುಕ್ಕಿತು. ಅದನ್ನು ಕಂಡು ಒಬ್ಬ ಹತ್ತಿರ ಬಂದ, ಕೋಳಿ ಅಂಕಕ್ಕೆ ಕಾದಾಡುವ ಹುಂಜ ಹುಡುಕುವವನು. ರೆಕ್ಕೆ ಬಿಡಿಸಿ ನೋಡಿದ, ಎದೆ ಒತ್ತಿದ. ಕಾಲಿನ ಗುರುತು ಅವನಿಗೂ ಕಂಡಿತು.

"ದೇವರ ಹುಂಜ ಆದ್ರೆ ಇನ್ನೂ ಒಳ್ಳೇದು ಅಜ್ಜಿ, ಸೋಲಲ್ಲ" ಅಂದ.

ಮಾಂಸದ ಬೆಲೆಗಿಂತ ಜಾಸ್ತಿಯೇ ಕೊಟ್ಟ. ಬೈಂಡಿಗೆ ಸಾಕಾಯಿತು. ಅದು ಗೆದ್ದಿತೋ ಸತ್ತಿತೋ ಗೊತ್ತಿಲ್ಲ. ನಾನು ಕೇಳಲು ಹೋಗಲಿಲ್ಲ.

ಮಾರನೆಯ ಬೆಳಿಗ್ಗೆ ಎದ್ದಾಗ ಬಿಸಿಲು ಜಗಲಿಗೆ ಬಂದಿತ್ತು. ಕೂಗುವವರು ಇರಲಿಲ್ಲ. ಚೌಡಿಯ ಕಲ್ಲಿನ ಹತ್ತಿರ ಹೋಗಿ, ಓದಿಗೆ ಅಂತ ಇಟ್ಟದ್ದು ಓದಿಗೇ ಹೋಯಿತು, ಸಿಟ್ಟಿದ್ದರೆ ನನ್ನ ಮೇಲಿರಲಿ ಎಂದು ಹೇಳಿ ಬಂದೆ. ನನಗೆ ಏನೂ ಆಗಲಿಲ್ಲ. ಮಂಡಿ ನೋವು ಮೊದಲೇ ಇತ್ತು.

ಹುಡುಗಿ ಪಾಸಾದಳು. ಪುಸ್ತಕ ತಗೊಂಡು ಮನೆಗೆ ಬಂದಳು. ಬಂದವಳೇ ಸುತ್ತ ನೋಡಿದಳು.

"ಹುಂಜ ಎಲ್ಲಿ?"

"ನಿನ್ನ ಕೈಯಲ್ಲಿ ಇದೆಯಲ್ಲ."

ಅವಳು ಪುಸ್ತಕದ ರಟ್ಟು ನೋಡುತ್ತಾ ನಿಂತಳು. "ಹರಕೇದಲ್ವಾ ಅಜ್ಜಿ ಅದು?"

"ನಿನ್ನ ಓದಿನ ಹರಕೆ. ಸಾಲದಿದ್ರೆ ನೀನೇ ಹೋಗಿ ಚೌಡಿಗೆ ಹೇಳು. ಓದಿದೋಳು ನೀನು."

ಹೋದಳು. ಕಲ್ಲಿನ ಮುಂದೆ ಸುಮಾರು ಹೊತ್ತು ನಿಂತಿದ್ದಳು. ಏನು ಹೇಳಿದಳೋ ನನಗೆ ಕೇಳಿಸಲಿಲ್ಲ. ಕಾವಿನ ಮೊಟ್ಟೆ ಒಡೆದು ಬಂದ ಮರಿಗಳಲ್ಲಿ ಒಂದು ಹುಂಜವಾಗುವ ಹಾಗೆ ಕಾಣುತ್ತಿತ್ತು. ಅದರ ಕಾಲಿಗೆ ಅವಳೇ ಬಟ್ಟೆ ಕಟ್ಟಿದಳು.

ಈಗ ಬೇರೆ ಊರಿನ ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ. ಕಾಯಂ ಕೆಲಸ ಅಲ್ಲ. ಮರಿ ದೊಡ್ಡದಾಗಿದೆ, ಕೂಗಲು ನೋಡುತ್ತದೆ, ಇನ್ನೂ ಗಂಟಲು ಬಂದಿಲ್ಲ. ಅವಳು ಬಂದ ದಿನ ಚೌಡಿಗೆ ಕೊಡಬೇಕು. ರಜೆ ಸಿಕ್ಕಿಲ್ಲವಂತೆ.

ಫೋನು ಮಾಡಿದರೆ ಈಗಲೂ ಕೋಳಿ ವಿಚಾರ ಕೇಳುತ್ತಾಳೆ. ನಾನು ಎಂತ ಬೇಕೆ ಎನ್ನುತ್ತೇನೆ. ಎಂತ ಬೇಡ ಅಜ್ಜಿ, ಸುಮ್ಮನೆ ಕೇಳಿದೆ ಎನ್ನುತ್ತಾಳೆ. ಮೊದಲು ಬೈಂಡು, ಕೋಟು, ಜೆರಾಕ್ಸು ಅಂತ ಮಾತು ಉದ್ದ ಹೋಗುತ್ತಿತ್ತು. ಈಗ ಏನೂ ಬೇಕಿಲ್ಲ, ಬೇಗ ಮುಗಿಯುತ್ತದೆ.