ಬಸ್ಸಿನ ಹಿಂದೆ ಬರುತ್ತಿದ್ದ ಧೈರ್ಯ

ಅವರ ಕನ್ನಡಕಕ್ಕೆ ಒಂದೇ ಕಡ್ಡಿ. ಇನ್ನೊಂದು ಕಡೆ ಹಸಿರು ದಾರದ ಕುಣಿಕೆ ಮಾಡಿ ಕಿವಿಗೆ ಸಿಕ್ಕಿಸಿಕೊಳ್ಳುತ್ತಿದ್ದರು. ಮಾತು ಜೋರಾದಾಗ ಕನ್ನಡಕ ವಾಲುತ್ತಿತ್ತು, ಮತ್ತೆ ಮೇಲೆ ತಳ್ಳಿಕೊಳ್ಳುತ್ತಿದ್ದರು. ರಿಪೇರಿ ಮಾಡಿಸಬಾರದೇ ಎಂದರೆ, "ಕಾಣಸ್ತದಲ್ಲ, ಸಾಕು ಬಿಡು" ಎನ್ನುತ್ತಿದ್ದರು.

ಹುಮನಾಬಾದಿನ ಆಸ್ಪತ್ರೆಯಲ್ಲಿ ಅವರು ಆಪ್ತಸಮಾಲೋಚಕಿ. ಆ ಪದಕ್ಕೆ ನಮ್ಮ ನಾಲಿಗೆ ಹೊರಳದೆ ಎಲ್ಲರೂ 'ಮಾತಿನ ಮೇಡಂ' ಎನ್ನುತ್ತಿದ್ದೆವು. ನಾನು ಘಾಟಬೋರಾಳದ ಅಂಗನವಾಡಿ ಕಾರ್ಯಕರ್ತೆ. ಸಭೆ, ತರಬೇತಿ ಎಂದು ಹುಮನಾಬಾದಿಗೆ ಓಡಾಡಲೇಬೇಕು. ಒಂದು ದಿನ ತುಂಬಿದ ಬಸ್ಸಿನಲ್ಲಿ ಎದೆ ಡವಡವ ಎಂದು, ಉಸಿರು ಕಟ್ಟಿ, ಇಲ್ಲೇ ಸತ್ತೆ ಅನ್ನಿಸಿಬಿಟ್ಟಿತು. ಅರ್ಧ ದಾರಿಯಲ್ಲೇ ಇಳಿದು ತೊಗರಿ ಹೊಲದ ಬದುವಿನ ಮೇಲೆ ಕೂತು ಅತ್ತೆ. ಆಮೇಲೆ ಹಾರ್ನ್ ಕೇಳಿದರೂ ಕೈ ಬೆವರುತ್ತಿತ್ತು. ಡಾಕ್ಟರು ಎರಡು ಸಲ ಇಸಿಜಿ ಮಾಡಿ, ಹೃದಯ ಗಟ್ಟಿಮುಟ್ಟಾಗಿದೆ ಎಂದರು. ಮೂರು ಸಭೆ ತಪ್ಪಿದವು. ಇಷ್ಟಪಟ್ಟು ಮಾಡುತ್ತಿದ್ದ ಕೆಲಸ ಬಿಡಲು ರಾಜೀನಾಮೆ ಪತ್ರ ಬರೆದು ಚೀಲದಲ್ಲಿಟ್ಟುಕೊಂಡೇ, ತಮ್ಮನ ಬೈಕಿನಲ್ಲಿ ಮೇಡಂ ಕೋಣೆಗೆ ಹೋದೆ.

"ಬಸ್ಸಿನಾಗ ಕುಂತ್ರ ಸಾಯ್ತೀನಿ ಅನಸ್ತದ್ರಿ ಮೇಡಂ."

"ಎಷ್ಟ ಸಲ ಅನಿಸ್ಯದ?"

"ಇಪ್ಪತ್ತು ಸಲ ಆಗಿರಬೇಕ್ರಿ."

"ಎಷ್ಟ ಸಲ ಸತ್ತಿ?"

ನನಗೆ ಸಿಟ್ಟು ಬಂತು. ಅವರು ನಗಲಿಲ್ಲ. ನೋಟ್‌ಬುಕ್ಕಿನ ಹಾಳೆಯ ನಡುವೆ ಗೆರೆ ಎಳೆದು, ಒಂದು ಕಡೆ 'ಮನಸ್ಸು ಹೇಳಿದ್ದು', ಇನ್ನೊಂದು ಕಡೆ 'ಆದದ್ದು' ಎಂದು ಬರೆದುಕೊಟ್ಟರು. "ಅಂಜಿಕಿ ಓಡಸಾಕ ಹೋಗಬ್ಯಾಡ. ಅದು ಏನ್ ಹೇಳ್ತದ, ಬರಕೊ. ಖರೇನ ಹಂಗ ಆಯ್ತೇನು, ನೋಡು." ಇದಕ್ಕೆ ಸಿಬಿಟಿ ಎನ್ನುತ್ತಾರೆ, ಯೋಚನೆಯನ್ನೂ ನಡವಳಿಕೆಯನ್ನೂ ಒಟ್ಟಿಗೆ ತಿದ್ದುವ ಚಿಕಿತ್ಸೆ ಎಂದು ನನಗೆ ಗೊತ್ತಾದದ್ದು ಎಷ್ಟೋ ದಿನಗಳ ಮೇಲೆ. ಓದು ಬರಹ ಬಾರದ ಮುಡಬಿಯ ಕುರಿಗಾರ ಅಜ್ಜನಿಗೆ ನೋಟ್‌ಬುಕ್ಕಿನ ಬದಲು ಹುಣಸೆಬೀಜ ಕೊಟ್ಟಿದ್ದರಂತೆ. ತೋಳ ಬರುತ್ತದೆ ಎಂದು ಹೆದರಿಕೆಯಾದಾಗಲೆಲ್ಲ ಎಡಜೇಬಿಗೆ ಒಂದು, ನಿಜವಾಗಿ ಬಂದರೆ ಬಲಜೇಬಿಗೆ ಒಂದು.

ಮೊದಲ ವಾರ ನಿಂತ ಬಸ್ಸಿನಲ್ಲಿ ಸುಮ್ಮನೆ ಕೂರುವುದು. ಅವರೂ ನಿಲ್ದಾಣದವರೆಗೆ ನಡೆದು ಬಂದು, ಪಕ್ಕದಲ್ಲಿ ಕೂತು ಶೇಂಗಾ ತಿಂದರು. ಕಂಡಕ್ಟರ್ "ಎಲ್ಲಿಗ್ರಿ?" ಎಂದ. "ಎಲ್ಲಿಗೂ ಇಲ್ಲಪ್ಪ, ಕುಂಡ್ರಾಕ ಬಂದೀವಿ" ಎಂದರು. ಆಮೇಲೆ ಒಂದು ಸ್ಟಾಪು, ಎರಡು ಸ್ಟಾಪು. ಕೊನೆಗೆ ಊರಿಂದಲೇ ಬಸ್ಸಿನಲ್ಲಿ ಬರತೊಡಗಿದೆ. ಹಾಗೆ ಮೂರು ವಾರ ಬಂದು, ಹೆಮ್ಮೆಯಿಂದ ನೋಟ್‌ಬುಕ್ ಅವರ ಮುಂದಿಟ್ಟೆ.

ಓದಿದರು. ಕಿಟಕಿಯಾಚೆ ನೋಡಿದರು. ಬೇವಿನ ಮರದ ಕೆಳಗೆ ನನ್ನ ತಮ್ಮ ಬೈಕಿನ ಮೇಲೆ ಕೂತಿದ್ದ.

"ಅಂವ ಹ್ಯಾಂಗ ಬಂದ?"

"ಬಸ್ಸಿನ ಹಿಂದ ಬಂದಾನ್ರಿ" ಎಂದೆ, ತಲೆ ತಗ್ಗಿಸಿ. ಮೂರು ವಾರವೂ ನಾನು ಕೊನೆಯ ಸೀಟಿನಲ್ಲಿ ಕೂತು, ಹಿಂದಿನ ಗಾಜಿನಲ್ಲಿ ಅವನನ್ನೇ ನೋಡುತ್ತ ಬಂದಿದ್ದೆ.

ಅವರು ನಕ್ಕ ರಭಸಕ್ಕೆ ಕನ್ನಡಕ ಮೇಜಿನ ಮೇಲೆ ಬಿತ್ತು. "ಬಸ್ಸಿನಾಗ ನೀ ಬರಾಕತ್ತಿ, ನಿನ್ನ ಧೈರ್ಯ ಹಿಂದ ಬೈಕ್ ಮ್ಯಾಲ ಬರಾಕತ್ತದ!" ಆಮೇಲೆ ಮೆತ್ತಗೆ ಹೇಳಿದರು: "ಅಂವ ಇದ್ದದ್ದಕ್ಕ ಉಳದೆ ಅಂತ ನಿನ್ನ ಮನಸ್ಸು ತಿಳಕೊಂಡದ. ಅಂವ ಇಲ್ಲದನೂ ಉಳೀತಿ ಅಂತ ಅದಕ್ಕ ತೋರಸಬೇಕವ್ವ." ಹೊರಗೆ ಹೋಗಿ, "ನೀ ಅಂಗಡಿಗಿ ಹೋಗಪ್ಪ, ನಿಮ್ಮಕ್ಕ ಬರ್ತಾಳ" ಎಂದು ತಮ್ಮನನ್ನು ಮಾಣಿಕನಗರದ ಅವನ ಅಂಗಡಿಗೆ ಸಾಗಹಾಕಿಯೇಬಿಟ್ಟರು. ಅವತ್ತು ಬಸ್ಸಿನಲ್ಲಿ ಒಬ್ಬಳೇ ಕೂತು ದಾರಿಯುದ್ದಕ್ಕೂ ಅವರನ್ನು ಬೈದುಕೊಂಡೆ. ಬೈಯುತ್ತಿರುವಾಗಲೇ ಊರು ಬಂತು. ರಾಜೀನಾಮೆ ಪತ್ರದ ಹಿಂಬದಿಯಲ್ಲಿ ಮರುದಿನ ನನ್ನ ಅಂಗನವಾಡಿ ಮಕ್ಕಳು ಆನೆ ಬಿಡಿಸಿದರು.

ಹೋದ ಮಳೆಗಾಲದಲ್ಲಿ ಮೇಡಂ ಬಸವಕಲ್ಯಾಣದ ಸ್ವಂತ ಮನೆಯಲ್ಲಿ ತೀರಿಕೊಂಡರು. ಸುದ್ದಿ ತಿಳಿದು ನನ್ನ ತಮ್ಮ ಬೈಕಿನ ಕೀಲಿ ಹಿಡಿದು ಬಂದ.

"ನಾ ಬರ್ಲೇನಕ್ಕಾ?"

"ಬ್ಯಾಡೋ. ಬಸ್ಸಿಗೇ ಹೋಗ್ತೀನಿ."

ಹುಮನಾಬಾದಿನಲ್ಲಿ ಬಸ್ ಬದಲಿಸಿ ಡ್ರೈವರನ ಹಿಂದಿನ ಸೀಟಿನಲ್ಲೇ ಕೂತೆ. ಕಲ್ಯಾಣದ ದಾರಿಯಲ್ಲಿ ನಾನು ಎಂದೂ ಒಬ್ಬಳೇ ಹೋದವಳಲ್ಲ. ಎದೆ ಹೊಡೆದುಕೊಳ್ಳತೊಡಗಿತು. ಚೀಲದಿಂದ ನೋಟ್‌ಬುಕ್ ತೆಗೆದು, 'ಮನಸ್ಸು ಹೇಳಿದ್ದು' ಎಂಬಲ್ಲಿ ಬರೆದೆ: 'ಮೇಡಂ ಇಲ್ಲ. ಇನ್ನು ನನ್ನಿಂದಾಗದು.' ಇನ್ನೊಂದು ಕಡೆ ತುಂಬಲು ಇಳಿಯುವತನಕ ಕಾಯಬೇಕಿತ್ತು. ಕಾದೆ. ಕಲ್ಯಾಣದ ನಿಲ್ದಾಣದಲ್ಲಿ, ಜನರ ನಡುವೆ ನಿಂತೇ ಬರೆದೆ:

'ಅಳು ಬಂತು. ಎದೆ ಹೊಡೆದುಕೊಂಡಿತು. ಒಬ್ಬಳೇ ಬಂದು ಮುಟ್ಟಿದೆ.'