ಮ್ಯಾಚಿಗೆ ಮುಂಚೆ ಕೇಳಿದ ಹೂವು

ಆ ವಾರ ನಮ್ಮ ಮನೆಯಲ್ಲಿ ಎಲ್ಲರೂ ಭವಿಷ್ಯ ಹೇಳುವವರೇ. ಚಿತ್ರದುರ್ಗದ ಕೋಟೆ ಮಗ್ಗುಲಿನ ಹೈಸ್ಕೂಲಿಗೂ ಹೈವೇ ಕಡೆಯ ಹೈಸ್ಕೂಲಿಗೂ ಹುಡುಗಿಯರ ಸಾಫ್ಟ್‌ಬಾಲ್ ಮ್ಯಾಚು. ಬೇಸ್‌ಬಾಲಿನ ತಂಗಿಯಂಥ ಆಟ ಅದು: ಒಬ್ಬಳು ಚೆಂಡು ಎಸೆಯುತ್ತಾಳೆ, ಇನ್ನೊಬ್ಬಳು ಬ್ಯಾಟಿನಿಂದ ಹೊಡೆದು ನಾಲ್ಕು ಮೂಲೆ ಸುತ್ತಿ ಬಂದರೆ ಒಂದು ರನ್. ನನ್ನ ಮೊಮ್ಮಗಳು ಕೋಟೆ ಕಡೆಯವಳು. ಎದುರು ತಂಡದಲ್ಲಿ ಚೆಂಡು ಎಸೆಯುವವಳು ನನ್ನ ಸ್ವಂತ ತಂಗಿಯ ಮೊಮ್ಮಗಳು.

ಬೇರೆಯವರಿಗೆ ಅದೊಂದು ಮ್ಯಾಚು, ಅಷ್ಟೆ. ನಮ್ಮ ಹುಡುಗಿಗೆ ಹಾಗಲ್ಲ. ಮುಂದಿನ ವರ್ಷ ಎಸ್ಸೆಸ್ಸೆಲ್ಸಿ ಎಂದು ನನ್ನ ಮಗ ತೀರ್ಪು ಕೊಟ್ಟುಬಿಟ್ಟಿದ್ದ: "ಗೆದ್ರೆ ಆಡು. ಸೋತ್ರೆ ಗ್ಲೌಸ್ ಅಟ್ಟಕ್ಕೆ." ಅವಳು ಚೆಂಡು ಹಿಡಿಯುವ ಆ ಗ್ಲೌಸನ್ನು ಊಟದ ತಟ್ಟೆಯ ಪಕ್ಕದಲ್ಲೇ ಇಟ್ಟುಕೊಂಡು ತಿನ್ನುತ್ತಿದ್ದಳು.

ನಾನೂ ಕಾನ್ವೆಂಟಿನಲ್ಲಿ ಇದೇ ಥರದ ರೌಂಡರ್ಸ್ ಆಡಿದವಳೇ. ಓಡುವಾಗ ಮಂಡಿ ಕಾಣಬಾರದೆಂದು ಸಿಸ್ಟರುಗಳು ನಮ್ಮ ಸ್ಕರ್ಟಿಗೆ ಪಿನ್ ಹಾಕುತ್ತಿದ್ದರು, ಆದರೂ ಓಡುತ್ತಿದ್ದೆವು. ಮೆಟ್ರಿಕ್ ಮುಗಿದ ಬೇಸಿಗೆಯಲ್ಲೇ ಮದುವೆ. ಬ್ಯಾಟನ್ನು ನನ್ನ ಕೈಯಿಂದ ಯಾರೂ ಕಿತ್ತುಕೊಳ್ಳಲಿಲ್ಲ. ಬೇಕಾ ಎಂದು ಯಾರೂ ಕೇಳಲೂ ಇಲ್ಲ.

ಹಾಗಾಗಿ ನನ್ನ ಪ್ರಿಡಿಕ್ಷನ್ ಪಕ್ಕಾ ಸೈಂಟಿಫಿಕ್. ಮಧ್ಯಾಹ್ನದ ಮೇಲೆ ಆ ಮೈದಾನಕ್ಕೆ ಕೋಟೆ ಗುಡ್ಡದ ಕಡೆಯಿಂದ ಜೋರು ಗಾಳಿ. ಬ್ಯಾಟ್ ಹಿಡಿದವರು ನಿಲ್ಲುವುದು ಗುಡ್ಡಕ್ಕೆ ಬೆನ್ನು ಹಾಕಿ. ನಮ್ಮ ಹುಡುಗಿಯರು ಎತ್ತರಕ್ಕೆ ಹೊಡೆಯುತ್ತಾರೆ, ಅವರು ನೆಲಕ್ಕೆ. ಎತ್ತರದ ಚೆಂಡನ್ನು ಗಾಳಿಯೇ ಹೊತ್ತುಕೊಂಡು ಹೋಗುತ್ತದೆ. ಇದನ್ನೆಲ್ಲ ಫೋನಿನಲ್ಲಿ ತಂಗಿಗೆ ವಿವರಿಸಿದೆ. ಅವಳು ಪೂರ್ತಿ ಕೇಳಿಸಿಕೊಂಡು, "ಆಯ್ತಕ್ಕ, ಬರ್ವಾಗ ಎರಡು ಕರ್ಚೀಫ್ ತಗಂಡ್ ಬಾ. ಒಂದು ನಿಂಗೆ, ಒಂದು ನಿನ್ ಮೊಮ್ಮಗಳಿಗೆ" ಎಂದಳು.

ನನ್ನ ಸೊಸೆಯದು ಬೇರೆ ದಾರಿ. ತಾಳ್ಯದ ಹತ್ತಿರದ ತವರಿಗೆ ಹೋಗಿ ಅಮ್ಮನ ಗುಡಿಯಲ್ಲಿ ಹೂವು ಕೇಳಿ ಬಂದಳು. ದೇವಿಯ ಎರಡೂ ಭುಜಕ್ಕೆ ಒದ್ದೆ ಹೂವು ಅಂಟಿಸಿ, ಕೇಳಬೇಕಾದ್ದನ್ನು ಮನಸ್ಸಿನಲ್ಲೇ ಕೇಳಿಕೊಂಡು ಕೂರುವುದು. ಬಲಗಡೆಯ ಹೂವು ಬಿದ್ದರೆ ಹೌದು, ಎಡಗಡೆಯದಾದರೆ ಇಲ್ಲ. ಬಂದವಳು ಚಪ್ಪಲಿ ಬಿಡುತ್ತಾ, "ಬಲಗಡೆ ಆತು" ಎಂದಳು, ಅಷ್ಟೆ.

ನನ್ನ ಮಗ ಬೋರ್‌ವೆಲ್ಲಿಗೂ ಹೂವು ಕೇಳಿದವನು, ಕಾರಿಗೂ ಕೇಳಿದವನು. ಬಲಗಡೆ ಎಂದ ಮೇಲೆ ಗೆದ್ದ ಹಾಗೇ. ಮ್ಯಾಚಿನ ದಿನ ಬೆಳಿಗ್ಗೆಯೇ ಹೋಳಿಗೆ ಮಾಡಿಸಿ ಡಬ್ಬಿಗೆ ತುಂಬಿಸಿದ.

ಮೈದಾನಕ್ಕೆ ಹೋಗಿ ನೋಡುತ್ತೇನೆ, ಗುಡ್ಡದ ಕಡೆಯ ಅರ್ಧ ಜಾಗದಲ್ಲಿ ಯಾವುದೋ ಸಮಾರಂಭದ ಶಾಮಿಯಾನ. ಪಿ.ಟಿ. ಮೇಷ್ಟ್ರು ಸುಣ್ಣದ ಗೆರೆಗಳನ್ನೆಲ್ಲ ತಿರುಗಿಸಿ ಎಳೆಸಿದ್ದರು. ಈಗ ಬ್ಯಾಟ್ ಹಿಡಿದವರ ಮುಖಕ್ಕೇ ಗಾಳಿ. ನನ್ನ ಸೈನ್ಸು ಅಲ್ಲೇ ಮುಗಿಯಿತು. ಆದರೂ ನಮ್ಮವರು ಬಿಡಲಿಲ್ಲ. ಕೊನೆಯ ಸರದಿಗೆ ಒಂದೇ ರನ್ ಹಿಂದೆ. ಬ್ಯಾಟ್ ನನ್ನ ಮೊಮ್ಮಗಳ ಕೈಯಲ್ಲಿ. ಹೊಡೆದಳು ನೋಡಿ, ಚೆಂಡು ಸೀದಾ ಆಕಾಶಕ್ಕೆ. ನಾನು ಕುರ್ಚಿ ಬಿಟ್ಟು ಎದ್ದಿದ್ದೆ. ಗಾಳಿ ಅದನ್ನು ಮೇಲೆಯೇ ತಡೆದು, ಸಾವಕಾಶವಾಗಿ ತಂದು, ತಂಗಿಯ ಮೊಮ್ಮಗಳ ಕೈಗೆ ಹಾಕಿತು. ಕೊನೆಯ ಔಟು, ಒಂದೇ ರನ್ನಿಗೆ ಸೋಲು.

ನಾನು ಮತ್ತೆ ಕೂತೆ. ಪಕ್ಕದ ಕುರ್ಚಿಯಲ್ಲಿದ್ದ ತಂಗಿ ತನ್ನ ಬ್ಯಾಗಿನಿಂದ ಕರ್ಚೀಫ್ ತೆಗೆದು ನನ್ನ ತೊಡೆಯ ಮೇಲಿಟ್ಟಳು.

ಸ್ವಲ್ಪ ಹೊತ್ತಿಗೆ ಮೇಷ್ಟ್ರು ಜಿಲ್ಲಾ ತಂಡಕ್ಕೆ ಆರಿಸಿದವರನ್ನು ಕೂಗಿದರು. ಎರಡೂ ಶಾಲೆಯಿಂದ ಆರಿಸಿದ್ದರು. ನಮ್ಮ ಹುಡುಗಿಯನ್ನೂ ಕರೆದರು. ಅವಳು ಮುಂದೆ ಹೋಗಲಿಲ್ಲ. ಗ್ಲೌಸನ್ನು ಮತ್ತೆ ಕೈಗೆ ಹಾಕಿಕೊಂಡು, ಅಪ್ಪನ ಮುಖ ನೋಡುತ್ತಾ ನಿಂತಳು. ಅವನು ಹೋಳಿಗೆ ಡಬ್ಬಿ ನೋಡುತ್ತಾ, ಗೆದ್ದರೆ ಅಂತ ತಾನೇ ಅಂದಿದ್ದೆ, ಆ ಗುಡಿ ಅಮ್ಮನೂ ಹಿಂಗೆ ಸುಳ್ಳು ಹೇಳೋದಾ ಎಂದು ಗೊಣಗಿದ.

ಸೊಸೆ ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದಳು. ತಲೆ ಎತ್ತಲಿಲ್ಲ.

"ಅಮ್ಮ ಯಾಕ್ರೀ ಸುಳ್ಳು ಹೇಳ್ತಾಳೆ? ಗೆಲ್ತಾರಾ ಅಂತ ನಾನೆಲ್ಲಿ ಕೇಳ್ದೆ? ನನ್ ಮಗಳು ಮುಂದಕ್ಕೂ ಆಡ್ಲಾ ತಾಯಿ ಅಂತ ಕೇಳ್ದೆ. ಬಲಗಡೆ ಆತು."

ಬೋರ್‌ವೆಲ್ಲಿಗೆ ಹೂವು ಕೇಳಿದ ಮನುಷ್ಯ ಇನ್ನೇನು ಹೇಳಿಯಾನು? ಗುಡ್ಡ ನೋಡಿದ, ಶಾಮಿಯಾನ ನೋಡಿದ. ಆಮೇಲೆ, "ಟ್ಯೂಷನ್ ಮಾತ್ರ ತಪ್ಪಿಸಂಗಿಲ್ಲ" ಎಂದ. ಅಷ್ಟು ಕೇಳಿದ್ದೇ ತಡ, ಮೊಮ್ಮಗಳು ಮೇಷ್ಟ್ರ ಕಡೆಗೆ ಓಡಿದಳು, ಯಾವ ಪಿನ್ನೂ ಇಲ್ಲದೆ.

ನಾನು ಸೊಸೆಯನ್ನೇ ನೋಡುತ್ತಿದ್ದೆ. ನನಗಾಗಿ ಯಾರೂ ಹಾಗೆ ಒಂದು ಪ್ರಶ್ನೆ ಮನಸ್ಸಿನಲ್ಲಿಟ್ಟುಕೊಂಡು ಗುಡಿಯಲ್ಲಿ ಕೂತಿರಲಿಲ್ಲ. ಬೇಜಾರೇನಲ್ಲ, ಸುಮ್ಮನೆ ಅನ್ನಿಸಿತು. ಅಷ್ಟರಲ್ಲಿ ತಂಗಿ ಎರಡನೆಯ ಹೋಳಿಗೆಗೆ ಕೈ ಹಾಕಿ, "ನಿನ್ ಗಾಳಿ ಏನಾತಕ್ಕ?" ಎಂದಳು.

"ಬಾಯ್ಮುಚ್ಕಂಡ್ ತಿನ್ನು" ಎಂದು ಅವಳ ಹೋಳಿಗೆಗೆ ತುಪ್ಪ ಹಾಕಿದೆ. ಮೊಮ್ಮಗಳು ಓಡಿ ಬಂದು, ತಿನ್ನಲು ಕೈ ಬೇಕೆಂದು, ಗ್ಲೌಸ್ ಬಿಚ್ಚಿ ನನ್ನ ಕೈಗೆ ಕೊಟ್ಟಳು. ಒಳಗೆ ಇನ್ನೂ ಬೆಚ್ಚಗಿತ್ತು. ಅವಳು ತಿಂದು ಮುಗಿಸುವವರೆಗೂ ಹಾಕಿಕೊಂಡೇ ಕೂತಿದ್ದೆ.